ನಂಜೇಗೌಡರ ಮೊದಲ ಸಿಗಾರು

೧೯೪೦ರಲ್ಲಿ ನಾನು ಮೈಸೂರಿನ ಒಬ್ಬ ತಂಬಾಕು ವ್ಯಾಪಾರಿಯ ಟ್ರಾವೆಲಿಂಗ್ ಏಜೆಂಟನಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳನ್ನು ನೋಡಿಕೊಳ್ಳುತ್ತಿದ್ದೆ. ಮಂಡ್ಯ ಜಿಲ್ಲೆಯಾಗಿ ಆಗಿನ್ನೂ ಹೊಸತು. ಹೊಸ ಕಚೇರಿಗಳು ಬಂದವು, ಕಚೇರಿಗಳಿಗೆ ಹೊಸ ಸಾಹೇಬರು ಬಂದರು, ಸಾಹೇಬರ ಹಿಂದೆ ಹೊಸ ಚಟಗಳೂ ಬಂದವು. ಬೀಡಿ, ನಶ್ಯ, ಕಡ್ಡಿಪುಡಿ ಮಾರಲು ಬೇರೆಯವರಿದ್ದರು. ನನ್ನ ಪಾಲಿಗೆ ಬಂದದ್ದು ಸಿಗಾರು. ಹಳ್ಳಿಯವರು ಅದನ್ನು ಚುಟ್ಟ ಎನ್ನುತ್ತಿದ್ದರು. ಕ್ಲಬ್ಬಿನವರ ಮುಂದೆ ಆ ಮಾತು ಆಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಳಗಿರುವುದು ಎರಡರಲ್ಲೂ ಹೊಗೆಸೊಪ್ಪೇ.

ಸಿಗಾರು ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಅದರಲ್ಲಿ ಮೂರು ಭಾಗ. ಒಳಗಿನ ಸೊಪ್ಪಿಗೆ ಫಿಲ್ಲರ್, ಅದನ್ನು ಬಿಗಿಯಾಗಿ ಹಿಡಿಯುವ ಎಲೆಗೆ ಬೈಂಡರ್, ಮೇಲೆ ಸುತ್ತುವ ನುಣುಪಾದ ಎಲೆಗೆ ರ್‍ಯಾಪರ್ ಎನ್ನುತ್ತಾರೆ. ಹೋಳಿಗೆಯ ಹೂರಣ ಮತ್ತು ಕಣಕ ಇದ್ದ ಹಾಗೆ ಎಂದರೆ ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುತ್ತಿತ್ತು. ಹೊಸಬರೆಲ್ಲ ಕಣಕದ ಬಣ್ಣ ನೋಡಿ ಮೋಸಹೋಗುತ್ತಾರೆ. ಹಾಗೆ ಮೋಸಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸದ ಅರ್ಧ. ಮೊದಲ ಸಲ ವಾಂತಿ ಮಾಡಿಕೊಂಡವನು ಎರಡನೆಯ ಸಲ ಗಿರಾಕಿಯಾಗಿ ಬರುವುದಿಲ್ಲ.

ಆಗ ಮೂರೂ ಊರುಗಳಲ್ಲಿ ಅಕ್ಕಿ ಗಿರಣಿಗಳಿದ್ದ ಒಂದು ಖಾಸಗಿ ಕಂಪನಿಯಿತ್ತು. ಈಗ ಅದಿಲ್ಲ, ಹೆಸರೂ ಬೇಡ. ಅದರ ಅಧಿಕಾರಿಗಳು ಮಂಡ್ಯದಲ್ಲಿ ತಮ್ಮದೇ ಒಂದು ಕ್ಲಬ್ಬು ಮಾಡಿಕೊಂಡಿದ್ದರು. ಹೆಂಚಿನ ಮನೆ, ಮುಂದೊಂದು ಜಗಲಿ, ಒಳಗೊಂದು ಹಜಾರ, ಒಂದಷ್ಟು ಬೆತ್ತದ ಕುರ್ಚಿ, ಅಷ್ಟಕ್ಕೇ ಲಂಡನ್ನಿನ ಗತ್ತು. ಕಂಪನಿಯ ಮ್ಯಾನೇಜರೇ ಕ್ಲಬ್ಬಿನ ಸೆಕ್ರೆಟರಿ. ಪ್ರತಿ ಶನಿವಾರ ಸಂಜೆ ನಾನು ಸಿಗಾರಿನ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ದು, ಅವರೆದುರೇ ತೆರೆದು, ಹುಳ ಬಿದ್ದಿದೆಯೇ, ತೇವ ಹೆಚ್ಚಾಗಿದೆಯೇ ಎಂದು ನೋಡಿ ಕೊಡಬೇಕಾಗಿತ್ತು.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಸೇರುವವನು ಎಲ್ಲರ ಮುಂದೆ ಪೆಟ್ಟಿಗೆಯಿಂದ ತಾನೇ ಒಂದು ಸಿಗಾರು ಆರಿಸಿ, ಕತ್ತರಿಸಿ, ಹಚ್ಚಿ, ಒಂದು ಅಂಗುಲ ಬೂದಿ ಕಟ್ಟುವ ತನಕ ಸೇದಬೇಕು. ನಡುವೆ ಕೆಮ್ಮಿದರೆ ನಗುತ್ತಿದ್ದರು, ಅಷ್ಟೆ. ಸಿಗಾರು ಆರಿದರೆ ಮಾತ್ರ ಅವನು ಹೊರಗೆ. ಕ್ಲಬ್ಬಿನಿಂದ ಹೊರಗಾದರೆ ಏನಂತೆ ಎಂದು ನೀವು ಕೇಳಬಹುದು. ಪ್ರೊಬೇಷನ್ ಮೇಲಿದ್ದ ಅಧಿಕಾರಿ ಕ್ಲಬ್ಬಿಗೆ ಸೇರದೆ ಆ ಕಂಪನಿಯಲ್ಲಿ ಕಾಯಂ ಆದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲಿಯೂ ಬರೆದಿರದಿದ್ದರೂ ಆ ನಿಯಮ ಎಲ್ಲರಿಗೂ ಗೊತ್ತಿತ್ತು.

ನಂಜೇಗೌಡರು ನನಗೆ ಪರಿಚಯವಾದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವರು, ಒಕ್ಕಲು ಮನೆತನ. ಬೆಂಗಳೂರಿನಲ್ಲಿ ಓದಿ ಎಂಜಿನಿಯರಾಗಿ ಬಂದು ಆ ಕಂಪನಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ವಯಸ್ಸು ಇಪ್ಪತ್ತನಾಲ್ಕಿರಬಹುದು. ಕೋಟಿನ ಗುಂಡಿ ಹಾಕಿಕೊಂಡು ಬೆವರುತ್ತಿದ್ದರು, ಬಿಚ್ಚುವ ಧೈರ್ಯವಿರಲಿಲ್ಲ. ನನ್ನ ಪೆಟ್ಟಿಗೆಯ ವಾಸನೆ ಹಿಡಿದೇ ನಾನು ಯಾರೆಂದು ಅವರಿಗೆ ಗೊತ್ತಾಯಿತು.

"ಸಾಬ್ರೇ, ನನಗೆ ಸಿಗಾರು ಆರಿಸೋದು ಹೇಳಿಕೊಡ್ತೀರಾ? ನಾನು ಬೀಡಿನೂ ಮುಟ್ಟಿದವನಲ್ಲ. ಬರೋ ತಿಂಗಳು ಕ್ಲಬ್ಬಿಗೆ ಕರೆದಿದ್ದಾರೆ. ಅಲ್ಲಿ ಎಡವಿದ್ರೆ ಕೆಲಸ ಹೋಯ್ತು" ಎಂದರು. ಹೀಗೆ ನೇರವಾಗಿ ಕೇಳುವವರನ್ನು ಕಂಡರೆ ನನಗೆ ಇಷ್ಟ. ಒಪ್ಪಿಕೊಂಡೆ.

ಮೊದಲ ಪಾಠ ಮದ್ದೂರಿನಲ್ಲಿ ಶಿಂಷಾ ಹೊಳೆಯ ದಂಡೆಯಲ್ಲಿ, ಒಂದು ಭಾನುವಾರ. ನಾಲ್ಕಾರು ಬಗೆಯ ಸಿಗಾರುಗಳನ್ನು ಟವೆಲ್ಲಿನ ಮೇಲೆ ಹರಡಿ "ಆರಿಸಿ" ಎಂದೆ. ಗೌಡರು ಎತ್ತು ಕೊಳ್ಳುವವರ ಹಾಗೆ ಒಂದೊಂದನ್ನೂ ಎತ್ತಿ, ತಿರುಗಿಸಿ, ತುದಿಯೊಳಕ್ಕೂ ಇಣುಕಿ, ಕೊನೆಗೆ ಎಲ್ಲಕ್ಕಿಂತ ದಪ್ಪನಾದ, ಎಲ್ಲಕ್ಕಿಂತ ಕಪ್ಪಾದ ಒಂದು ಬರ್ಮಾ ಸಿಗಾರು ಹಿಡಿದರು. ಎಲ್ಲ ಹೊಸಬರೂ ಅದನ್ನೇ ಹಿಡಿಯುತ್ತಾರೆ. ನಾನು ಬೇಡವೆನ್ನಲಿಲ್ಲ. ಬಾಯಿಮಾತಿಗಿಂತ ಹೊಟ್ಟೆ ಕಲಿಸಿದ್ದು ಹೆಚ್ಚು ದಿನ ನೆನಪಿರುತ್ತದೆ ಎನ್ನುವುದು ನನ್ನ ಅನುಭವ. ಗೌಡರು ಹೊಗೆಯನ್ನು ಎದೆಗೆಳೆದುಕೊಂಡರು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಪೊದೆಯ ಮರೆಗೆ ಓಡಿದರು. ಬಂದ ಮೇಲೆ ಒಂದು ಅಚ್ಚು ಬೆಲ್ಲ ಬಾಯಿಗಿಟ್ಟೆ. ತಲೆ ತಿರುಗುವುದಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆಮೇಲೆ ಹೇಳಿಕೊಟ್ಟೆ. ಮೊದಲಿಗೆ ಗಿಡ್ಡನೆಯದು, ತೆಳ್ಳನೆಯದು, ಎಳೆ ಕಂದು ಬಣ್ಣದ್ದು ಸಾಕು. ನಮ್ಮ ದಿಂಡಿಗಲ್ಲಿನ ಮೆದು ಸಿಗಾರೇ ಆಗುತ್ತದೆ. ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಗಂಟು ಸಿಕ್ಕಿದರೆ ಹೊಗೆ ಎಳೆಯುವುದಿಲ್ಲ, ಪೊಳ್ಳಾಗಿದ್ದರೆ ಬೆಂಕಿ ಓಡುತ್ತದೆ. ಬರಿಹೊಟ್ಟೆಯಲ್ಲಿ ಮುಟ್ಟಲೇಬಾರದು. ಹೊಗೆ ಬಾಯಲ್ಲಿ ಆಡಿ ಹೊರಗೆ ಹೋಗಬೇಕು, ಗಂಟಲು ದಾಟಬಾರದು. ಒಂದು ಸಲ ಎಳೆದ ಮೇಲೆ ಸ್ವಲ್ಪ ಸುಮ್ಮನಿರಬೇಕು. ಗೌಡರು ತಲೆಯಾಡಿಸುತ್ತ ಕೇಳಿಸಿಕೊಂಡರು. ಯಂತ್ರ ತಿಳಿದವರಾದ್ದರಿಂದ ಗಾಳಿ, ಬೆಂಕಿ, ಒತ್ತಡದ ಲೆಕ್ಕ ಅವರಿಗೆ ನನಗಿಂತ ಬೇಗ ಹೊಳೆಯಿತು.

ಎರಡನೆಯ ಭಾನುವಾರ ಚೆನ್ನಾಗಿ ಸೇದುತ್ತಿದ್ದರು. ಅಷ್ಟರಲ್ಲಿ ದಂಡೆಯ ಮೇಲೆ ಒಬ್ಬ ಮುದುಕರು ಎಮ್ಮೆ ಹೊಡೆದುಕೊಂಡು ಬಂದರು. ಗುರುತಿನವರೇನಲ್ಲ. ಆದರೂ ಗೌಡರು ಚಕ್ಕನೆ ಎದ್ದು, ಉರಿಯುವ ಸಿಗಾರನ್ನು ಅಂಗೈಯೊಳಗೆ ಮರೆಮಾಡಿ ಕೈಯನ್ನು ಬೆನ್ನ ಹಿಂದೆ ಒಯ್ದರು. ಬೆರಳಿಗೆ ಚುರುಕ್ಕೆಂದಿತು, ಹೊಳೆಗೆ ಎಸೆದರು.

"ಏನು ಗೌಡ್ರೇ ಇದು? ಅವರು ಯಾರೋ ಏನೋ."

"ದೊಡ್ಡೋರಲ್ವಾ ಸಾಬ್ರೇ" ಎಂದರು. ಅದನ್ನು ಬಿಟ್ಟು ಬೇರೆ ಕಾರಣ ಅವರಲ್ಲಿರಲಿಲ್ಲ.

ನಾನು ನಕ್ಕೆ, ಆದರೆ ನಗುವ ಹಕ್ಕು ನನಗೂ ಇರಲಿಲ್ಲ. ನಮ್ಮ ಅಬ್ಬಾ ಜೀವಮಾನವೆಲ್ಲ ತಂಬಾಕು ಮಾರಿದವರು. ಅವರ ಮುಂದೆ ನಾನು ಸಿಗಾರು ಹಿಡಿದು ಮಾರಬಹುದಿತ್ತು, ಮೂಸಬಹುದಿತ್ತು, ಹೊಗಳಬಹುದಿತ್ತು. ಹಚ್ಚುವಂತಿರಲಿಲ್ಲ. ಮೂವತ್ತು ದಾಟಿ ಎರಡು ಮಕ್ಕಳ ತಂದೆಯಾಗಿದ್ದರೂ ಅವರ ಕೆರದ ಸದ್ದು ಕೇಳಿದರೆ ಕೈಯಲ್ಲಿದ್ದದ್ದು ಮೋರಿಗೆ ಹೋಗುತ್ತಿತ್ತು. ಈ ಸೀಮೆಯಲ್ಲಿ ಹಿಂದೂಗಳಾಗಲಿ ನಾವಾಗಲಿ ಎಲ್ಲರೂ ಹೀಗೆಯೇ. ಮಗ ಸೇದುತ್ತಾನೆಂದು ಅಪ್ಪನಿಗೆ ಗೊತ್ತಿರುತ್ತದೆ, ಅಪ್ಪನಿಗೆ ಗೊತ್ತಿದೆಯೆಂದು ಮಗನಿಗೂ ಗೊತ್ತಿರುತ್ತದೆ. ಆದರೆ ಕಣ್ಣೆದುರು ಮಾತ್ರ ಆಗಕೂಡದು.

ಕ್ಲಬ್ಬಿನ ಸೆಕ್ರೆಟರಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವರ ದೊಡ್ಡಪ್ಪ ಮೈಸೂರಿನಿಂದ ಬಂದಾಗ ಕ್ಲಬ್ಬಿನ ಬೂದಿಬಟ್ಟಲುಗಳೆಲ್ಲ ಅಡುಗೆಮನೆ ಸೇರುತ್ತಿದ್ದವು. ಸೆಕ್ರೆಟರಿ ಬಾಯಿಗೆ ಏಲಕ್ಕಿ ಹಾಕಿಕೊಂಡು ಕೈಕಟ್ಟಿ ನಿಲ್ಲುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ. ಇನ್ನೊಬ್ಬನ ಮೈಯಲ್ಲಿ ಎಲ್ಲಿ ಚುಚ್ಚಿದರೆ ಪ್ರಾಣ ಹೋಗುತ್ತದೆ ಎನ್ನುವುದನ್ನು ಅವರು ತಮ್ಮ ಮೈ ನೋಡಿಕೊಂಡೇ ಕಲಿತಿದ್ದರು. ಅವರ ಭಾಮೈದನೊಬ್ಬ ಓದು ಮುಗಿಸಿ ಮನೆಯಲ್ಲಿ ಕೂತಿದ್ದ. ನಂಜೇಗೌಡರ ಕುರ್ಚಿಯ ಮೇಲೆ ಆ ಮನೆಯವರೆಲ್ಲರ ಕಣ್ಣಿತ್ತು.

ಗೌಡರನ್ನು ಕ್ಲಬ್ಬಿಗೆ ಕರೆದಿದ್ದ ಶನಿವಾರ ನಾನು ಬೇಗನೆ ಹೋದೆ. ಹಜಾರದಲ್ಲಿ ಹತ್ತು ಹನ್ನೆರಡು ಜನ ಸದಸ್ಯರು ಸುತ್ತ ಕೂತಿದ್ದರು. ನಂಜೇಗೌಡರು ಊಟ ಮಾಡಿ ಬಂದಿದ್ದರು, ಹಾಗೆಂದು ನನಗೆ ಕಣ್ಣಲ್ಲೇ ಹೇಳಿದರು. ಪೆಟ್ಟಿಗೆ ತೆರೆದೆ. ದಪ್ಪ ಕಪ್ಪನೆಯವನ್ನು ಮುಂದಿಟ್ಟು ಗಿಡ್ಡವನ್ನು ಹಿಂದೆ ತಳ್ಳುವಂತೆ ಸೆಕ್ರೆಟರಿ ಮೊದಲೇ ಹೇಳಿದ್ದರು. ಗೌಡರು ಮುಂದಿನವನ್ನು ನೋಡಲೇ ಇಲ್ಲ. ಹಿಂದಿನ ಸಾಲಿನಿಂದ ಒಂದು ತೆಗೆದು, ಅದುಮಿ ನೋಡಿ, ಇಟ್ಟು, ಇನ್ನೊಂದು ತೆಗೆದರು. ಸರಿಯಾದದ್ದನ್ನೇ ತೆಗೆದರು. ಕತ್ತರಿಸಿದ್ದು ಅಚ್ಚುಕಟ್ಟು, ಹಚ್ಚಿದ್ದು ಇನ್ನೂ ಅಚ್ಚುಕಟ್ಟು. ಕಡ್ಡಿಯನ್ನು ದೂರ ಹಿಡಿದು, ತುದಿ ಸುತ್ತ ಕಾಯಿಸಿ, ನಿಧಾನವಾಗಿ ಎಳೆದರು. ಒಬ್ಬಿಬ್ಬರು ಸದಸ್ಯರು "ಪರವಾಗಿಲ್ಲ" ಎಂದರು. ನನಗೆ ನನ್ನ ಮಗನೇ ಪರೀಕ್ಷೆ ಪಾಸು ಮಾಡಿದಷ್ಟು ಸಂತೋಷವಾಯಿತು.

ಬೂದಿ ಮುಕ್ಕಾಲು ಅಂಗುಲವಾಗಿತ್ತು. ಸೆಕ್ರೆಟರಿ ಜವಾನನಿಗೆ ತಲೆಯಾಡಿಸಿದರು. ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಹೊಸ ಪಂಚೆ, ಬಿಳಿ ರುಮಾಲು, ಕೈಯಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರ ಹಿಡಿದು ಒಬ್ಬ ಮುದುಕರು ಒಳಗೆ ಬಂದರು.

"ಎಲ್ಲವ್ನೆ ನನ್ ಮಗ?" ಎಂದು ಕಣ್ಣು ಕಿರಿದು ಮಾಡಿ ನೋಡಿದರು.

ನಂಜೇಗೌಡರ ತಂದೆ ಮರಿಗೌಡರು. ನಿಮ್ಮ ಮಗನಿಗೆ ಕಂಪನಿಯವರು ಸನ್ಮಾನ ಮಾಡುತ್ತಾರೆ, ನೀವೇ ಹಾರ ಹಾಕಬೇಕಂತೆ ಎಂದು ಸೆಕ್ರೆಟರಿ ಬಸ್ಸಿನ ಡ್ರೈವರನ ಕೈಯಲ್ಲಿ ಪೂರಿಗಾಲಿಗೆ ಹೇಳಿ ಕಳಿಸಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ನಂಜೇಗೌಡರು ಕುರ್ಚಿಯಿಂದ ಎದ್ದು ನಿಂತರು, ಸಿಗಾರು ಹಿಡಿದ ಬಲಗೈ ಮುಷ್ಟಿಯಾಯಿತು, ಮುಷ್ಟಿ ಬೆನ್ನ ಹಿಂದೆ ಹೋಯಿತು.

ಹಜಾರದಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಬಾಯಿಗೆ ಕರವಸ್ತ್ರ ಒತ್ತಿಕೊಂಡ.

"ಯಾಕೆ ನಿಲ್ಲಿಸಿದಿರಿ ಮಿಸ್ಟರ್ ಗೌಡ? ಸೇದಿ. ಇನ್ನು ಕಾಲು ಅಂಗುಲ" ಎಂದರು ಸೆಕ್ರೆಟರಿ.

"ನಮ್ಮಪ್ಪ ಇದ್ದಾರೆ ಸಾರ್."

"ಗೊತ್ತು. ಅದಕ್ಕೇ ಕರೆಸಿದ್ದು."

ಈಗ ಎಲ್ಲರೂ ಬಾಯಿಬಿಟ್ಟೇ ನಕ್ಕರು. ಗೌಡರ ಬೆನ್ನ ಹಿಂದಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಹಣೆಯ ಮೇಲೆ ಬೆವರು ಹನಿ ಹನಿಯಾಗಿ ನಿಂತಿತ್ತು. ಕೈ ಬಿಡಿಸಿದರೆ ಅಪ್ಪ ನೋಡುತ್ತಾರೆ, ನೆಲಕ್ಕೆ ಬಿಟ್ಟರೆ ಕೆಲಸ ಹೋಗುತ್ತದೆ. ಎರಡೂ ಮಾಡದೆ ನಿಂತಿದ್ದರು. ಸುಡುವ ಚರ್ಮದ ವಾಸನೆ ತಂಬಾಕಿನ ವಾಸನೆಯ ಜೊತೆ ಬೆರೆತರೆ ಹೇಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಬೇರೆ ಯಾರಿಗೂ ಅದು ತಿಳಿಯದಿರಲಿ.

ಸೆಕ್ರೆಟರಿ ನನ್ನ ಕಡೆ ತಿರುಗಿದರು. "ಸಾಬ್ರೇ, ನಿಮ್ಮ ಮಾಲು. ನೀವೇ ಹೇಳಿ. ಆರಿತೋ ಇಲ್ಲವೋ?"

"ಆರಿಲ್ಲ ಸ್ವಾಮಿ. ಅವರ ಕೈಯೊಳಗೆ ಉರೀತಾ ಇದೆ" ಎಂದೆ. ಮಾತು ಸ್ವಲ್ಪ ಜೋರಾಗಿಯೇ ಬಂತು.

ಆ ಮಾತು ಮರಿಗೌಡರ ಕಿವಿಗೆ ಬಿತ್ತು. ಹಾರವನ್ನು ಎಡಗೈಗೆ ಬದಲಾಯಿಸಿಕೊಂಡು ಮಗನ ಹತ್ತಿರ ಬಂದರು. "ಕೈ ತೋರ್ಸ್ಲಾ" ಎಂದರು. ಮಗ ಕೊಡಲಿಲ್ಲ. ಅವರೇ ಹಿಡಿದು ಮುಂದಕ್ಕೆಳೆದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪುಡಿಯಾದ ಸಿಗಾರು ಅಂಗೈಗೆ ಅಂಟಿಕೊಂಡಿತ್ತು. ಒರೆಸಲು ಹೋದರೆ ಚರ್ಮವೂ ಜೊತೆಗೆ ಬಂತು.

"ಯಾಕ್ಲಾ ಮಗ ಇಂಗ್ ಮಾಡ್ಕಂಡೆ?"

ಮಗ ನೆಲ ನೋಡುತ್ತಿದ್ದರು. ಮುದುಕರು ಸುತ್ತ ಕೂತ ಮುಖಗಳನ್ನು ಒಂದು ಸಲ ನೋಡಿದರು. ಓದಿದವರಲ್ಲದಿದ್ದರೂ ದಡ್ಡರಲ್ಲ. ಸನ್ಮಾನವೆಂದರೆ ಏನೆಂದು ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಸೆಕ್ರೆಟರಿಯ ಮುಂದೆ ಬಂದು ಕೈ ಮುಗಿದರು.

"ಸ್ವಾಮಿ, ಇವ್ನು ಇದ ಸೇದುದ್ರೆ ಕೆಲ್ಸ ಕಾಯಮ್ಮಾಯ್ತದಾ?"

"ಆಗುತ್ತೆ" ಎಂದರು ಸೆಕ್ರೆಟರಿ, ಕಾಲ ಮೇಲೆ ಕಾಲು ಹಾಕಿಕೊಂಡೇ.

"ಅಂಗಾರೆ ಸೇದ್ಲಾ ಮಗ. ನಾನ್ ಅತ್ಲಾಗ್ ತಿರೀಕತೀನಿ. ನಾನಿಲ್ಲ ಅಂದ್ಕೊ."

ಹೀಗೆ ಹೇಳಿ ಆ ಮುದುಕರು ನಾಲ್ಕು ಹೆಜ್ಜೆ ನಡೆದು ಗೋಡೆಗೆ ಮುಖ ಮಾಡಿ ನಿಂತರು. ಹಾರ ಕೈಯಲ್ಲೇ ಇತ್ತು. ನಂಜೇಗೌಡರು ನನ್ನನ್ನು ನೋಡಿದರು. ನಾನು ಪೆಟ್ಟಿಗೆಯಿಂದ ಇನ್ನೊಂದು ಗಿಡ್ಡ ಸಿಗಾರು ತೆಗೆದು, ಕತ್ತರಿಸಿ, ಅವರ ಎಡಗೈಗೆ ಕೊಟ್ಟು ಕಡ್ಡಿ ಗೀರಿದೆ. ಅವರು ಸೇದಿದರು. ಅಷ್ಟು ಚೆನ್ನಾಗಿ ಸೇದಿದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿಲ್ಲ. ಕೆಮ್ಮಲಿಲ್ಲ, ಬೂದಿ ಒಡೆಯಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆಗೆ ಎಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ. ಹೊಗೆ ಹಜಾರದ ತುಂಬ ಹರಡಿ ಗೋಡೆಯ ತನಕ ಹೋಯಿತು. ಮುದುಕರು ಕೆಮ್ಮು ಬಂದರೂ ಬಾಯಿಗೆ ರುಮಾಲಿನ ಸೆರಗು ಒತ್ತಿಕೊಂಡು ತಡೆದರು, ಮಗನಿಗೆ ತಾನಿರುವುದು ನೆನಪಾಗಬಾರದೆಂದು.

ಬೂದಿ ಒಂದು ಅಂಗುಲವಾಯಿತು. ಗೌಡರು ಅದನ್ನು ಬಟ್ಟಲಿಗೆ ಇಳಿಸಿ ಸೆಕ್ರೆಟರಿಯ ಮುಂದಿಟ್ಟರು. ಸೆಕ್ರೆಟರಿ ಅದನ್ನು ನೋಡಿ ಇಂಗ್ಲಿಷಿನಲ್ಲಿ ಮಾತಾಡಿದರು. ಚೆನ್ನಾಗಿ ಸೇದಿದಿರಿ, ಅಭಿನಂದನೆ. ಆದರೆ ನಮ್ಮ ನಿಯಮ ಇರುವುದು ಮೊದಲ ಸಿಗಾರಿಗೆ. ಇದು ಎರಡನೆಯದು. ನಿಮಗೆ ಬೇರೆ ಕಡೆ ಒಳ್ಳೆಯದಾಗಲಿ.

ನಗುತ್ತಿದ್ದವರು ತಮ್ಮ ತಮ್ಮ ಲೋಟ ನೋಡಿಕೊಂಡರು. ಆದರೆ ಒಬ್ಬನೂ ಎದ್ದು ಇದು ಅನ್ಯಾಯ ಎನ್ನಲಿಲ್ಲ, ಅದನ್ನೂ ಇಲ್ಲಿ ಹೇಳಬೇಕು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಮರಿಗೌಡರ ದನಿ ಬಂತು.

"ಆಯ್ತಾ ಮಗ? ಈಗ ತಿರುಗ್ಲಾ?"

ನಂಜೇಗೌಡರು ಸಿಗಾರನ್ನು ಬಟ್ಟಲಲ್ಲಿ ಆರಿಸಿದರು. ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡರು. "ಆಯ್ತು ಕಣಪ್ಪ. ತಿರುಗು" ಎಂದರು.

ಮುದುಕರು ತಿರುಗಿದರು. ಇಂಗ್ಲಿಷು ಅವರಿಗೆ ತಿಳಿಯದು. ಮಗ ಆಯ್ತು ಅಂದರೆ ಕೆಲಸವಾಯಿತು ಎಂದುಕೊಂಡರು. ಮುಖವೆಲ್ಲ ಅರಳಿಸಿಕೊಂಡು ಬಂದು ಬಾಳೆಯೆಲೆ ಬಿಚ್ಚಿ ಹಾರ ಎತ್ತಿದರು. ಮಗ ತಲೆ ಬಾಗಿಸಿದರು. ಹಾರ ಕೊರಳಿಗೆ ಬಿತ್ತು. ಆಗ ಸೆಕ್ರೆಟರಿ ಚಪ್ಪಾಳೆ ತಟ್ಟಿದರು, ಅದನ್ನು ನೋಡಿ ಉಳಿದವರೂ ತಟ್ಟಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆ ಮನುಷ್ಯ ಸತ್ತು ಬಹಳ ಕಾಲವಾಯಿತು, ನಾನಂತೂ ಆಡುವುದಿಲ್ಲ.

ಮುಂದಿನದು ಎಲ್ಲರೂ ಊಹಿಸುವಂತೆಯೇ ಆಯಿತು. ಗೌಡರನ್ನು ಕಾಯಂ ಮಾಡಲಿಲ್ಲ. ಭಾಮೈದ ಬಂದು ಕುರ್ಚಿಯಲ್ಲಿ ಕೂತ. ಯಂತ್ರದ ಗಂಧಗಾಳಿ ಗೊತ್ತಿಲ್ಲದಿದ್ದರೂ ಸಿಗಾರು ಮಾತ್ರ ಸೊಗಸಾಗಿ ಸೇದುತ್ತಿದ್ದ. ಬರ್ಮಾ ಜಪಾನಿಯರ ಕೈಗೆ ಹೋದ ಮೇಲೆ ಅಲ್ಲಿನ ಮಾಲು ನಿಂತುಹೋಯಿತು. ನನ್ನ ಧಣಿಗಳು ನನ್ನನ್ನು ಮೈಸೂರಿನ ಅಂಗಡಿಗೆ ಕರೆಸಿಕೊಂಡರು.

೧೯೪೬ರಲ್ಲಿ ಹಳೆಯ ಗಿರಾಕಿಗಳನ್ನು ಕಂಡುಬರಲು ಮಳವಳ್ಳಿ ಕಡೆಯ ಹಲಗೂರಿಗೆ ಹೋಗಿದ್ದೆ. ಬಸ್ಸು ಇಳಿದ ಕೂಡಲೇ "ಸಾಬ್ರೇ" ಎಂದು ಯಾರೋ ಕೂಗಿದರು. ನಂಜೇಗೌಡರು. ಅಲ್ಲಿ ಸಣ್ಣ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು, ಸುತ್ತಲಿನ ಹಳ್ಳಿಗಳ ಎಂಜಿನ್ನುಗಳನ್ನೂ ರಿಪೇರಿ ಮಾಡುತ್ತಿದ್ದರು. ಮದುವೆಯಾಗಿತ್ತು. ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದರು. ಬಲಗೈ ಮುದ್ದೆ ಮುರಿಯುವಾಗ ಅಂಗೈಯಲ್ಲಿ ಗುಂಡಗೆ ಬಿಳಿಯ ಕಲೆ ಕಂಡಿತು. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

ಊಟದ ನಡುವೆ ಹೊರಗೆ ಯಾರೋ ಜೋರಾಗಿ ಕೆಮ್ಮಿದರು. ಸ್ವಲ್ಪ ತಡೆದು ಮತ್ತೊಮ್ಮೆ ಕೆಮ್ಮಿದರು. ಯಾರೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮರಿಗೌಡರು ಬಾಗಿಲಲ್ಲಿ ಕಾಣಿಸಿಕೊಂಡರು.

"ಅಪ್ಪನಿಗೆ ಮೈ ಸರಿಯಿಲ್ಲವೇ?" ಎಂದು ಅವರು ಅತ್ತ ಹೋದ ಮೇಲೆ ಕೇಳಿದೆ.

"ಚೆನ್ನಾಗವ್ರೆ ಸಾಬ್ರೇ. ಅವತ್ತಿಂದ ಹಂಗೇ. ನಾನೆಲ್ಲಿದ್ರೂ ಹೊರಗೆ ನಿಂತು ಕೆಮ್ಮಿ ಬತ್ತಾರೆ. ನಾನು ಸೇದ್ತಾ ಇದ್ರೆ ಆರಿಸ್ಕೊಳ್ಳಲಿ ಅಂತ. ಅವತ್ತಿನಿಂದ ಒಂದು ಬೀಡಿನೂ ಮುಟ್ಟಿಲ್ಲ ಅಂತ ಎಷ್ಟು ಸಲ ಹೇಳಿದ್ರೂ ಕೇಳೊಲ್ಲ" ಎಂದು ನಂಜೇಗೌಡರು ಎಲೆಯ ಮೇಲೇ ಕಣ್ಣಿಟ್ಟು ಹೇಳಿದರು.

ನನ್ನನ್ನು ಬಸ್ಸಿಗೆ ಕಳಿಸಲು ಮರಿಗೌಡರೇ ಬಂದರು. ಮಗ ಗಿರಣಿಗೆ ಹೋಗಿದ್ದರು. ಬಸ್ಸಿನ ಧೂಳು ದೂರದಲ್ಲಿ ಕಾಣುತ್ತಿದ್ದಂತೆ ಮುದುಕರು ನನ್ನ ತೋಳು ಹಿಡಿದುಕೊಂಡರು.

"ಸಾಬ್ರೇ, ಒಂದ್ ಮಾತ್ ಕೇಳ್ತೀನಿ. ಮುಚ್ಚುಮರೆ ಮಾಡ್ದೆ ಯೋಳಿ. ಅವತ್ತು ನಾನೇನಾರಾ ಒಸಿ ಬಿರ್ನೆ ತಿರುಗ್ಬುಟ್ನಾ? ಅದ್ಕೇ ಮಗುನ್ ಕೆಲ್ಸ ಓಯ್ತಾ?"

"ಇಲ್ಲ ಗೌಡ್ರೇ, ನೀವು ಬೇಗ ತಿರುಗಲಿಲ್ಲ. ನಿಮ್ಮ ಮಗ ತಿರುಗು ಅಂದ ಮೇಲೇ ನೀವು ತಿರುಗಿದ್ದು. ಕ್ಲಬ್ಬಿನವರು ಮೊದಲೇ ತೀರ್ಮಾನ ಮಾಡಿಕೊಂಡಿದ್ರು" ಎಂದೆ. ಅವರು ತಲೆಯಾಡಿಸಿದರು. ನಂಬಲಿಲ್ಲ. "ಇನ್ನೊಸಿ ವತ್ತು ನಿಂತ್ಕಬೇಕಾಗಿತ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಬಸ್ಸು ಬಂತು, ಹತ್ತಿದೆ.

ಆಮೇಲೆ ನನ್ನದೇ ಅಂಗಡಿ ಇಟ್ಟು ಬಹಳ ವರ್ಷ ನಡೆಸಿದೆ. ಹೊಸಬರು ಬಂದು ಮೊದಲ ಸಿಗಾರು ಯಾವುದು ತೆಗೆದುಕೊಳ್ಳಲಿ ಎಂದು ಕೇಳುತ್ತಿದ್ದರು. ಬಣ್ಣ, ಉದ್ದ, ದಪ್ಪ ಎಲ್ಲ ಹೇಳುವುದಕ್ಕೆ ಮುಂಚೆ ನಾನೊಂದು ಪ್ರಶ್ನೆ ಕೇಳುತ್ತಿದ್ದೆ: "ಯಾರ ಮುಂದೆ ಸೇದುತ್ತೀರಿ?" ನನ್ನ ಕಸುಬು ನನಗೆ ಕಲಿಸಿದ ಮುಖ್ಯ ಪಾಠ ಆ ಪ್ರಶ್ನೆಯೇ. ಒಬ್ಬನೇ ಎಂದರೆ, ಗೆಳೆಯರ ಜೊತೆ ಎಂದರೆ, ಪೆಟ್ಟಿಗೆ ತೆರೆಯುತ್ತಿದ್ದೆ. ಸಾಹೇಬರ ಮುಂದೆ ಸೇದಿ ತೋರಿಸಬೇಕು ಎಂದವರಿಗೆ ಮಾಲು ಇಲ್ಲವೆಂದು ಹೇಳಿ, ಕೈಗೊಂದು ಅಚ್ಚು ಬೆಲ್ಲ ಕೊಟ್ಟು ಕಳಿಸುತ್ತಿದ್ದೆ.